ತಾಮ್ರದ ದೋಣಿಯ ಬೆನ್ನು

ವಾಚನಾಲಯದ ಅಧ್ಯಕ್ಷರಾಗಿದ್ದ ನಿವೃತ್ತ ಮೇಷ್ಟ್ರಿಗೆ ಊರಿನಲ್ಲಿ ಆಗದವರು ಮೂರ್ನಾಲ್ಕು ಮಂದಿ ಇದ್ದರೂ, ಹೊಟ್ಟೆ ಉರಿಸಿದ್ದು ಮಾತ್ರ 'ತಾಮ್ರದ ದೋಣಿ' ಎಂಬ ಒಂದು ಪುಸ್ತಕ. ಅವರ ಅಜ್ಜನ ಕಾಲದ್ದು. ಮೂವರು ತಾಮ್ರದ ದೋಣಿಗೆ ಆವಿಯ ಎಂಜಿನ್ ಕಟ್ಟಿಕೊಂಡು, ಕಲ್ಲಿದ್ದಲು ತುಂಬಿಕೊಂಡು ಶನಿಗ್ರಹದ ಬಳೆಯ ಮೇಲೆ ಇಳಿಯುವ ಕತೆ. ಬಳೆಯ ಮೇಲೆ ಗಾಳಿಯಿದೆ, ಹುಲ್ಲಿದೆ, ಹುಲ್ಲು ಮೇಯುವ ಆರು ಕಾಲಿನ ಪ್ರಾಣಿಗಳೂ ಇವೆ. ಹಸಿ ಸುಳ್ಳು. ಆದರೂ ಅದಕ್ಕೆ ಕಾಯುವವರ ಸರದಿ ಒಂದು ವಾರವೂ ತಪ್ಪಿದ್ದಿಲ್ಲ.

ಮೇಷ್ಟ್ರೂ ಒಂದು ಕಾದಂಬರಿ ಬರೆದಿದ್ದರು. ಎರಡು ಮನೆಗಳ ನಡುವಿನ ಬೇಲಿಯ ಜಗಳ. ಇಪ್ಪತ್ತು ವರ್ಷ ಕಣ್ಣಾರೆ ಕಂಡದ್ದನ್ನು ಒಂದಕ್ಷರ ಕೂಡಿಸದೆ ಬರೆದದ್ದು. ವಾಚನಾಲಯದ ಕಪಾಟಿನಲ್ಲಿದ್ದ ಅದರ ಪ್ರತಿ ಅಚ್ಚಿನಮನೆಯಿಂದ ಬಂದ ದಿನದ ಹಾಗೆಯೇ ನಿಂತಿತ್ತು, ಒಂದು ಹಾಳೆಯ ಮೂಲೆಯೂ ಮಡಚಿರಲಿಲ್ಲ.

ಆ ಬೆಳಿಗ್ಗೆ ಅವರು ತಾಮ್ರದ ದೋಣಿಯನ್ನು ರದ್ದು ಮಾಡುವ ಆದೇಶವನ್ನು ತಾವೇ ಬರೆದು, ತಾವೇ ಸಹಿ ಮಾಡಿ, ಜೇಬಿನಲ್ಲಿಟ್ಟುಕೊಂಡು ಬಂದರು. ಕಿಟಕಿಯ ಪಕ್ಕದಲ್ಲಿ ಅದು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನು ತಮ್ಮ ಕಾದಂಬರಿ ನಿಲ್ಲಬೇಕು. ಆಗ ನೋಡೋಣ, ಓದದೆ ಎಲ್ಲಿಗೆ ಹೋಗುತ್ತಾರೆ!

ಹಿಟ್ಟಿನ ಗಿರಣಿಯವಳು ಮೊಣಕೈವರೆಗೂ ಬೆಳ್ಳಗಾಗಿ ಬೆಂಚಿನ ಮೇಲೆ ಕೂತು ಆ ತಾಮ್ರದ ದೋಣಿಯನ್ನೇ ಓದುತ್ತಿದ್ದಳು. ಅವಳ ನಂತರದ ಸರದಿಯ ದರ್ಜಿ ಪಕ್ಕದಲ್ಲೇ ಕಾಯುತ್ತಿದ್ದ. ಹಿಂದಿನ ಮೇಜಿನಲ್ಲಿ ಮೇಷ್ಟ್ರ ಹೆಂಡತಿಯ ತಮ್ಮ, ಪುಸ್ತಕಗಳಿಗೆ ರಟ್ಟು ಕಟ್ಟುವವನು, ಗೋಂದು ಕಲಸುತ್ತಿದ್ದ.

"ಕೊಡಮ್ಮ ಇಲ್ಲಿ."

"ಇರಿ ಮೇಷ್ಟ್ರೇ, ಎಂಜಿನ್ ಕೆಟ್ಟಿದೆ."

"ನಿನ್ನ ತಲೆ ಕೆಟ್ಟಿದೆ. ಆವಿ ಎಂಜಿನ್ ಕಟ್ಕೊಂಡು ಶನಿಗೆ ಹೋಗ್ತಾರಾ? ಮಧ್ಯದಲ್ಲಿ ಗಾಳಿನೇ ಇಲ್ಲ."

"ಇಲ್ಲ ಅಂತ ನಮಗೂ ಗೊತ್ತು. ಏಳನೇ ಕ್ಲಾಸಲ್ಲಿ ನೀವೇ ಹೊಡೆದು ಕಲಿಸಿದ್ರಲ್ಲ."

"ಮತ್ತೆ ಯಾಕೆ ಓದ್ತೀಯ?"

"ಹದಿನೆಂಟು ವರ್ಷದಿಂದ ಅದೇ ಬೆಲ್ಟು, ಅದೇ ಮೋಟಾರು. ಇವರೂ ನನ್ನ ಥರಾನೇ ಬೈಕೊಂಡು ಬೈಕೊಂಡು ರಿಪೇರಿ ಮಾಡ್ತಾರೆ. ನಂದು ಸರಿಹೋದ್ರೆ ಹಿಟ್ಟು ಬರತ್ತೆ, ಅವರದ್ದು ಸರಿಹೋದ್ರೆ ಶನಿ ಬರತ್ತೆ."

ದರ್ಜಿ ಕಿಸಕ್ಕನೆ ನಕ್ಕ. "ಮೇಷ್ಟ್ರದ್ದರಲ್ಲಿ ಬೇಲಿ ಬರತ್ತೆ. ಬೇಲಿ ನಮ್ಮ ಹಿತ್ತಿಲಲ್ಲೇ ಇದೆ ಕಣಕ್ಕ, ಎದ್ದು ಹೋಗಿ ನೋಡಿದ್ರಾಯ್ತು."

ಮೇಷ್ಟ್ರು ಪುಸ್ತಕಕ್ಕೆ ಕೈ ಹಾಕಿ ಎಳೆದರು. ಪುಸ್ತಕದ ಬೆನ್ನಿಗೆ ಅಂಟಿಸಿದ್ದ ಬಟ್ಟೆ ಕಿತ್ತು ಬಂತು. ಅದರಡಿ ಅಚ್ಚಾದ ಕಾಗದದ ಪಟ್ಟಿಯೊಂದು ಅಂಟಿಕೊಂಡಿತ್ತು. ಕನ್ನಡಕ ಏರಿಸಿ ಓದಿದರು: 'ಗೂಟ ಒಂದು ಗೇಣು ಆಚೆ ಸರಿದಿತ್ತು.' ಆ ವಾಕ್ಯವನ್ನು ಅವರು ಹನ್ನೊಂದು ಸಲ ತಿದ್ದಿದ್ದರು.

"ಏನೋ ಇದು?"

"ಅಸ್ತರು, ಭಾವ," ಎಂದ ರಟ್ಟು ಕಟ್ಟುವವನು. "ಬೆನ್ನಿಗೆ ರದ್ದಿ ಕಾಗದ ಅಂಟಿಸ್ತೀವಲ್ಲ."

"ರದ್ದಿ!"

"ಬಿಟ್ಟಿ ಹಂಚೋಕೆ ಅಂತ ನೀವೇ ಒಂದು ಕಟ್ಟು ಕೊಟ್ಟಿದ್ರಿ. ಎರಡು ವರ್ಷ ಬಾಗಿಲಲ್ಲಿಟ್ಟೆ, ನಾಯಿನೂ ಮೂಸಲಿಲ್ಲ. ಆದ್ರೆ ಕಾಗದ ಒಳ್ಳೇದು, ಗೋಂದು ಗಟ್ಟಿಯಾಗಿ ಹಿಡಿಯತ್ತೆ."

"ನಿಮ್ಮಕ್ಕನಿಗೆ ಹೇಳ್ತೀನಿ ಇರು."

"ಹೇಳಿ. ಅಟ್ಟದ ಮೇಲಿರೋದನ್ನೂ ಹೊತ್ಕೊಂಡು ಹೋಗು ಅಂದವಳೇ ಅವಳು."

"ಕೀಳು ಇದನ್ನ. ಈಗಲೇ."

"ಕಿತ್ರೆ ಪುಸ್ತಕ ನಿಲ್ಲಲ್ಲ. ಹಳೇ ಹೊಲಿಗೆ ಎಂದೋ ಹೋಯ್ತು, ಹಾಳೆಗಳೂ ಮಡಿಕೆಯಲ್ಲಿ ಹರಿದು ಬಿಡಿಯಾಗಿವೆ. ಈಗ ಹಿಡ್ಕೊಂಡಿರೋದು ನಿಮ್ಮ ಮೂರನೇ ಅಧ್ಯಾಯನೇ."

ಮೇಷ್ಟ್ರು ಪಟ್ಟಿಯ ತುದಿ ಹುಡುಕಿದರು. ಗಾಯದ ಪಟ್ಟಿ ಬಿಚ್ಚುವವರಂತೆ ಉಗುರು ಕೊಟ್ಟು, ಮೇಲಿನಿಂದ ಕೆಳಗಿನವರೆಗೆ, ನಿಧಾನವಾಗಿ ಎಳೆದರು. ಇನ್ನೂರು ಹಾಳೆ ಬಿಡಿಬಿಡಿಯಾಗಿ ನೆಲದ ಮೇಲೆ ಸುರಿದವು.

"ತೊಲಗಿತು," ಎಂದರು. ಜೇಬಿನ ಆದೇಶ ತೆಗೆದು ಗೋಡೆಗೆ ಮೊಳೆ ಹೊಡೆದರು.

ಹಿಂತಿರುಗಿ ನೋಡುವಷ್ಟರಲ್ಲಿ ದರ್ಜಿ ಮಂಡಿಯೂರಿ ಹಾಳೆಗಳ ಪುಟಸಂಖ್ಯೆ ನೋಡುತ್ತಿದ್ದ. "ಅಕ್ಕಾ, ನಿನ್ನ ಎಂಜಿನ್ನು ತಗೋ. ನಾನು ಮೊದಲಿಂದ ಶುರು ಮಾಡ್ತೀನಿ." ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಸ್ವಲ್ಪ ಹೊತ್ತಿಗೆ ಎರಡು ಬೆಂಚಿನ ಮೇಲೆ ಏಳು ಜನ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಿಡಿ ಹಾಳೆ. ಓದಿ ಮುಗಿದದ್ದು ಬಲಗಡೆಯವರ ತೊಡೆಗೆ ಜಾರುತ್ತಿತ್ತು.

"ಏಯ್, ಹಾಳೆ ಇಡ್ರಿ! ರದ್ದಾದ ಪುಸ್ತಕ ಅದು. ಗೋಡೆ ನೋಡ್ರಿ!"

ಗಿರಣಿಯವಳು ತಲೆ ಎತ್ತಲಿಲ್ಲ. "ರದ್ದಾಗಿದ್ದು ಪುಸ್ತಕ, ಮೇಷ್ಟ್ರೇ. ಇದು ಬರೀ ಹಾಳೆ."

"ಸಂಜೆ ಜೋಡಿಸಿ ಕಟ್ಟಿಕೊಡ್ಲಾ?" ಎಂದು ರಟ್ಟು ಕಟ್ಟುವವನು ಕುಂಚ ಎತ್ತಿದ.

"ಬೇಡ್ವೋ," ಎಂದಳು ಗಿರಣಿಯವಳು. "ಹೀಗೇ ಇರಲಿ. ಒಂದೇ ಸಲ ಏಳು ಜನಕ್ಕಾಯ್ತಲ್ಲ."

ಅವನು ಕುಂಚವನ್ನು ನೀರಿಗೆ ಹಾಕಿದ. ಮೇಜಿನಡಿಯಿಂದ ಹಗ್ಗ ಬಿಗಿದ ಕಟ್ಟನ್ನು ಎಳೆದು, ಕಾಲಿನಿಂದ ಮೇಷ್ಟ್ರ ಕಡೆ ತಳ್ಳಿದ. "ಹಾಗಾದ್ರೆ ಉಳಿದಿದ್ದು ತಗೊಂಡು ಹೋಗಿ, ಭಾವ. ಇನ್ನು ಅಸ್ತರಿಗೂ ಬೇಡ."

ಮೇಷ್ಟ್ರು ಕಟ್ಟನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ಹೋದರು. ಎರಡು ಕೈಯೂ ತುಂಬಿದ್ದವು. ಬಾಗಿಲು ತೆಗೆಯಲು ಯಾರಾದರೂ ಏಳಬಹುದೆಂದು ನಿಂತರು. ಹಾಳೆ ತಿರುವುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶನಿಯ ಬಳೆಗೆ ಹೋದವರು ಒಬ್ಬರೂ ಇಳಿದು ಬರಲಿಲ್ಲ.