ಹಲ್ಲಿನ ಡಾಕ್ಟರ ಫೋನು

ಪುಣೆಯ ಹಡಪಸರದಲ್ಲಿ ಹೋಟೆಲು ನಡೆಸುವ ಲೋಕನಾಥ ಶೆಟ್ಟರಿಗೆ ಹೊಟ್ಟೆಕಿಚ್ಚು ಹತ್ತಿದ್ದು ಎದುರು ಹೋಟೆಲಿನವನ ವ್ಯಾಪಾರ ಕಂಡಲ್ಲ, ಹೆಂಡತಿಯ ಹಲ್ಲಿನ ಡಾಕ್ಟರನ್ನು ಕಂಡು. ನಗುವವರು ನಗಲಿ. ಐವತ್ತು ದಾಟಿದ ಗಂಡಸು, ಗಲ್ಲಾದಲ್ಲಿ ಕೂತರೆ ಮಾಣಿಗಳು ಉಸಿರೆತ್ತುವಂತಿರಲಿಲ್ಲ. ಅಂಥವರು ಒಬ್ಬ ದಂತವೈದ್ಯನ ಹೆಸರು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿಟ್ಟ ಕಾವಲಿಯ ಹಾಗೆ ಕಾಯುತ್ತಿದ್ದರು.

ಡಾಕ್ಟರ ಹೆಸರು ನಿತಿನ. ಶೆಟ್ಟರ ಹಾಗೆ ಅವನೂ ಉಡುಪಿ ಕಡೆಯವನೇ. ನಲವತ್ತಾದರೂ ತಲೆತುಂಬ ಕೂದಲು, ಅದೊಂದು ಬೇರೆ ಸಂಕಟ ಶೆಟ್ಟರಿಗೆ. ಶೆಟ್ಟರ ಹೆಂಡತಿ ರಾಜೀವಿಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನೇ ಕೆಡಿಸಿತ್ತು. ಕೆಲವು ವರ್ಷಗಳ ಹಿಂದೆ ಆಪರೇಷನ್ ಮಾಡಿ ಅಲ್ಲಿ ಪ್ರಾಣಿಯ ಅಂಗಾಂಶದ ಹೊಸ ಕವಾಟ ಕೂರಿಸಿದ್ದರು. ಅಂಥವರ ಹಲ್ಲು ಕೀಳುವಾಗ ಬಾಯಿಯ ಕ್ರಿಮಿಗಳು ರಕ್ತಕ್ಕಿಳಿದು ಕವಾಟದ ಮೇಲೆ ಬೀಡುಬಿಡಬಹುದು. ಅದಕ್ಕೇ ಸ್ವಲ್ಪ ಮುಂಚೆ ಆಂಟಿಬಯೋಟಿಕ್ ನುಂಗಬೇಕು. ರಾಜೀವಿಗೆ ಮರೆವು ಜಾಸ್ತಿಯೆಂದು, ಅವಳು ಬರಬೇಕಾದ ದಿನ ನಿತಿನ ಬೆಳಿಗ್ಗೆಯೇ ಫೋನು ಮಾಡಿ ನೆನಪಿಸುತ್ತಿದ್ದ. ತುಳುವಿನಲ್ಲಿ ಎರಡು ಮಾತು, ಊರಿನದೊಂದು ತಮಾಷೆ, ಅವಳದೊಂದು ನಗು. ಅಷ್ಟೇ.

ಅಷ್ಟೇ ಅಂದರೆ ಶೆಟ್ಟರು ಒಪ್ಪಬೇಕಲ್ಲ!

“ಯಾವ ಡಾಕ್ಟರ್ ಹೀಗೆ ಮನೆಗೆ ಫೋನ್ ಮಾಡ್ತಾನೆ ಮಾರಾಯ್ತಿ? ನನ್ನ ಹಲ್ಲುನೋವಿಗೆ ಯಾರೂ ಮಾಡ್ಲಿಲ್ಲ.”

“ನಿಮ್ಮ ಎದೆಯಲ್ಲಿ ಹೊಸ ಕವಾಟ ಉಂಟಾ?”

“ನನ್ನ ಹತ್ರ ಮಾತಾಡುವಾಗ ನೀನು ಹಾಗೆ ನಗುವುದು ನಾನು ನೋಡ್ಲೇ ಇಲ್ಲ.”

“ನೀವು ನಗಿಸಿದ್ದು ಯಾವಾಗ?”

ಇಷ್ಟು ಸಾಕಾಯಿತು. ಶೆಟ್ಟರು ಮುಖ ಊದಿಸಿಕೊಂಡು ಕೂತರು. ಮನೆಯಲ್ಲಿ ಊಟ ಬಿಟ್ಟು ಹೋಟೆಲಿನಲ್ಲೇ ಉಂಡರು, ಕರೆದರೆ ಓಗೊಡಲಿಲ್ಲ. ರಾಜೀವಿ ಆ ಹೆಸರನ್ನೇ ಎತ್ತುವುದನ್ನು ಬಿಟ್ಟಳು. ಶೆಟ್ಟರಿಗೆ ಅದೂ ಸಂಶಯವೇ. ಹೆಸರು ಎತ್ತುವುದಿಲ್ಲ ಎಂದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಎಂದೇ ಲೆಕ್ಕ.

ಮಳೆ ಶುರುವಾದ ಹೊತ್ತಿಗೆ ಅವಳ ದವಡೆಹಲ್ಲು ನೋಯತೊಡಗಿತು. ನಿತಿನನ ಕ್ಲಿನಿಕ್ ಇದ್ದದ್ದು ಎರಡು ಓಣಿ ಆಚೆ. ಶೆಟ್ಟರು ಕಾರು ತೆಗೆದು, ಇಡೀ ಪುಣೆಯ ಟ್ರಾಫಿಕ್ಕಿಗೆ ಬೈಯುತ್ತಾ, ಅಕ್ಕನ ಮನೆಯಿದ್ದ ತಳೇಗಾಂವಕ್ಕೆ ಹೆಂಡತಿಯನ್ನು ಕರೆದೊಯ್ದರು.

“ಒಂದು ಹಲ್ಲಿಗೆ ಇಷ್ಟು ದೂರವಾ?” ಎಂದಳು ರಾಜೀವಿ.

“ಅಲ್ಲಿ ಒಳ್ಳೆಯ ಲೇಡಿ ಡಾಕ್ಟರ್ ಉಂಟು,” ಎಂದರು. ‘ಲೇಡಿ’ ಎನ್ನುವುದನ್ನು ಸ್ವಲ್ಪ ಗಟ್ಟಿಯಾಗಿಯೇ ಅಂದರು.

ಆ ಕ್ಲಿನಿಕ್ಕಿನಲ್ಲಿ ಇವರಿಗಿಂತ ಮೊದಲು ಬಂದ ಮುದುಕರೊಬ್ಬರಿಗೆ ಹೃದಯದ ತೊಂದರೆಯಿತ್ತು. ಇಲ್ಲಿಯವರೆಗೆ ನಿಮ್ಮ ಹಲ್ಲು ನೋಡುತ್ತಿದ್ದ ಡಾಕ್ಟರಿಂದ ಚೀಟಿ ತನ್ನಿ, ಆಮೇಲೆ ಹಲ್ಲು ಕೀಳೋಣ ಎಂದು ಅವರನ್ನು ಹಿಂದಕ್ಕೆ ಕಳಿಸಿದರು. ಶೆಟ್ಟರ ಕಿವಿ ನೆಟ್ಟಗಾಯಿತು. ಚೀಟಿ ಎಂದರೆ ಮತ್ತೆ ನಿತಿನ, ಮತ್ತೆ ಆ ಫೋನು, ಆ ನಗು. ಸಾಧ್ಯವೇ ಇಲ್ಲ.

ಇವರ ಸರದಿ ಬಂತು. “ಹೃದಯಾಚಾ ಕಾಹೀ ತ್ರಾಸ ಆಹೇ ಕಾ?” ಹೃದಯದ ತೊಂದರೆ ಏನಾದರೂ ಇದೆಯೇ ಎಂದು ಆ ಹುಡುಗಿ ಡಾಕ್ಟರ್ ಮರಾಠಿಯಲ್ಲಿ ರಾಜೀವಿಯನ್ನು ಕೇಳಿದಳು.

“ಕಾಹೀ ನಾಹೀ,” ಎಂದರು ಶೆಟ್ಟರು.

ಏನೂ ಇಲ್ಲವಂತೆ! ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು ಹೊತ್ತವಳು ಪಕ್ಕದಲ್ಲೇ ಕೂತಿದ್ದಳು. ರಾಜೀವಿ ಒಮ್ಮೆ ಗಂಡನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಕುರ್ಚಿಗೊರಗಿ ಬಾಯಿ ತೆರೆದಳು. ಹಲ್ಲು ಸಲೀಸಾಗಿ ಬಂತು. ವಾಪಸ್ಸು ಬರುವಾಗ ಶೆಟ್ಟರು ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು. ನಿತಿನನಿಗೆ ಗೊತ್ತೇ ಆಗದಂತೆ ಕೆಲಸ ಮುಗಿದಿತ್ತು.

ತಿಂಗಳು ಕಳೆಯುವುದರೊಳಗೆ ಸಂಜೆಯ ಜ್ವರ ಶುರುವಾಯಿತು. ಮಳೆಗಾಲದ ಜ್ವರವೆಂದು ಮಾತ್ರೆ ನುಂಗಿದಳು. ಇಳಿದ ಜ್ವರ ಮರುದಿನ ಚಳಿಯನ್ನೂ ಕರೆದುಕೊಂಡು ಬಂತು. ಮೆಟ್ಟಿಲು ಹತ್ತಲು ಏದುಸಿರು ಬಂದಾಗ ಶೆಟ್ಟರು ಗಾಬರಿಯಾಗಿ ಆಸ್ಪತ್ರೆಗೆ ಸೇರಿಸಿದರು. ರಕ್ತಪರೀಕ್ಷೆಯಲ್ಲಿ ಬಾಯಿಯ ಕ್ರಿಮಿ ಸಿಕ್ಕಿತು. ಸ್ಕ್ಯಾನಿನಲ್ಲಿ ಕವಾಟದ ಅಂಚಿಗೆ ಅಂಟಿಕೊಂಡ ಸೋಂಕಿನ ಗಂಟು ಕಂಡಿತು.

ಹೃದಯದ ಡಾಕ್ಟರ ಹೆಸರು ಇಂದೂ, ಧಾರವಾಡದ ಕಡೆಯವರು, ಮುಚ್ಚುಮರೆಯಿಲ್ಲದೆ ಮಾತಾಡುವವರು. “ಆರು ವಾರ ನರದಾಗ ಔಷಧ ಕೊಡಬೇಕ್ರಿ. ಆ ಗಂಟಿನ ತುಣುಕು ಹರಕೊಂಡು ಮಿದುಳಿಗೆ ಹೋತಂದ್ರ ಭಾಳ ಕಠಿಣ. ಕವಾಟ ಸೋತ್ರ ಮತ್ತ ಎದಿ ತೆರೀಬೇಕಾಗತದ, ಎರಡನೇ ಸಲ ಅದು ಹಗುರ ಇಲ್ಲ. ಇತ್ತೀಚಿಗೆ ಹಲ್ಲು ಗಿಲ್ಲು ಕೀಳಿಸೀರೇನು?”

“ತಳೇಗಾಂವದಲ್ಲಿ,” ಎಂದರು ಶೆಟ್ಟರು. “ಮಾತ್ರೆ ಕೊಡಲೇ ಇಲ್ಲ ಅವರು.”

“ಹೃದಯದ ತ್ರಾಸ ಅದ ಏನಂತ ಕೇಳಲಿಲ್ಲೇನ್ರಿ?”

ಎಲ್ಲವನ್ನೂ ಆ ಹುಡುಗಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು.

“ಕೇಳಿದ್ರು. ಏನೂ ಇಲ್ಲ ಅಂತ ನಾನೇ ಹೇಳಿದೆ.”

ಡಾಕ್ಟರ್ ಅದನ್ನೂ ಕೇಸ್ ಪೇಪರಿನಲ್ಲಿ ಬರೆದುಕೊಂಡು ಹೊರಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಶೆಟ್ಟರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. “ನಾನೊಬ್ಬ ಹೊಟ್ಟೆಕಿಚ್ಚಿನವ, ಸರಿ. ಆದರೆ ನಿನಗೆ ಗೊತ್ತಿತ್ತಲ್ಲ ರಾಜೀವಿ. ನೀನಾದ್ರೂ ಹೇಳಬಹುದಿತ್ತಲ್ಲ. ಹೆದರಿಕೆ ಆಗ್ಲಿಲ್ವಾ ನಿನಗೆ?”

“ಆಯ್ತು.” ರಾಜೀವಿ ಉಸಿರು ಕೂಡಿಸಿಕೊಂಡಳು. “ಸುಮ್ಮನಿದ್ರೆ ಕವಾಟಕ್ಕೆ ಏನಾದ್ರೂ ಆಗಬಹುದು, ಆಗದೆಯೂ ಇರಬಹುದು ಅನ್ನಿಸ್ತು. ನಿಮ್ಮ ಮಾತು ಸುಳ್ಳು ಅಂತ ಅವರೆದುರು ಹೇಳಿದ್ರೆ ವಾಪಸ್ಸು ನಿಮ್ಮ ಜೊತೆಯೇ ಮನೆಗೆ ಬರಬೇಕಿತ್ತಲ್ಲ, ನನಗೆ ಅದರದ್ದೇ ಹೆದರಿಕೆ ಜಾಸ್ತಿ ಆಯ್ತು.”