ಮಲಗಿಸಿ ತಂದ ಫ್ರಿಜ್ಜು

ಮೂಡಿಗೆರೆಯಲ್ಲಿ ಫ್ರಿಜ್ ಸಾಗಿಸಿದವರೆಲ್ಲ ಒಂದಲ್ಲ ಒಂದು ದಿನ ನನ್ನ ಬೈಗುಳ ತಿಂದವರೇ. ನಾನು ತಯ್ಯಬ್. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಯಾರಾದರೂ ಜೀಪಿನಲ್ಲಿ ಫ್ರಿಜ್ ಮಲಗಿಸಿಕೊಂಡು ಹೋಗುವುದು ಕಂಡರೆ ಕುಡಿಯುತ್ತಿದ್ದ ಟೀ ಕೆಳಗಿಟ್ಟು ರಸ್ತೆಗಿಳಿದು ಗಾಡಿ ನಿಲ್ಲಿಸುತ್ತಿದ್ದೆ. "ಅದೇನು ಹೆಣವಾ ಮಾರಾಯ, ಮಲಗಿಸ್ಕೊಂಡು ಹೋಗೋಕೆ?" ಅಂತ ನಾಲ್ಕು ಜನರ ಎದುರು ಉಗಿಯುತ್ತಿದ್ದೆ.

ವಿಷಯ ದೊಡ್ಡದೇನಲ್ಲ. ಫ್ರಿಜ್ಜಿನ ಕೆಳಗಡೆ ಕಂಪ್ರೆಸರ್ ಇರುತ್ತದೆ, ಅದರೊಳಗೆ ಎಣ್ಣೆ. ಮಲಗಿಸಿದರೆ ಎಣ್ಣೆ ಹರಿದು ಪೈಪಿಗೆ ಸೇರುತ್ತದೆ. ನಿಲ್ಲಿಸಿಕೊಂಡೇ ತಂದರೆ ಒಂದು ಗಂಟೆ ಸುಮ್ಮನೆ ಬಿಟ್ಟು ಸ್ವಿಚ್ ಹಾಕಬಹುದು. ಮಲಗಿಸಿ ತಂದಿದ್ದರೆ ಒಂದು ಹಗಲು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಡಬೇಕು, ಇಲ್ಲದಿದ್ದರೆ ಮೋಟಾರು ಎಣ್ಣೆಯಿಲ್ಲದೆ ಓಡಿ, ತಿರುಗದ ಹಾಗೆ ಒಳಗೇ ಹಿಡಿದುಕೊಳ್ಳುತ್ತದೆ. ಇಷ್ಟನ್ನು ನಾನು ಊರಿಗೆಲ್ಲ ಪಾಠ ಹೇಳಿದ್ದೇನೆ. ಹೇಳೋದು ಶಾಸ್ತ್ರ ಇಕ್ಕೋದು ಗಾಳ ಅನ್ನುವ ಮಾತು ನನಗಾಗಿಯೇ ಹುಟ್ಟಿದ್ದು ಅಂತ ಹೋದ ಜನವರಿಯಲ್ಲಿ ಗೊತ್ತಾಯಿತು.

ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ಕೆಲಸ ಮಾಡುವ ನಂಜಕ್ಕ ನನ್ನ ಅಂಗಡಿಗೆ ಬಂದು ಒಂದು ಹಳೇ ಫ್ರಿಜ್ ಕೊಂಡಳು. ತರಕಾರಿ ಇಡುವುದಕ್ಕಲ್ಲ. ಅವಳ ಗಂಡ ದೇವರಾಜನಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಔಷಧಿ ಎಸ್ಟೇಟ್ ಸಾಹುಕಾರರಾದ ರೇಣುಕಪ್ರಸಾದರ ಬಂಗಲೆಯ ಫ್ರಿಜ್ಜಿನಲ್ಲಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಂಜಕ್ಕ ಬಂಗಲೆಯ ಹಿಂಬಾಗಿಲಲ್ಲಿ ನಿಂತು, ಯಾರಾದರೂ ಬಾಗಿಲು ತೆಗೆಯುವ ತನಕ ಕಾಯಬೇಕಿತ್ತು.

"ಬಂಗ್ಲೆ ಅಮ್ಮಾವ್ರು ಒಳ್ಳೇವ್ರೇ ಸಾಬ್ರೆ, ಬೇಡ ಅಂದಿಲ್ಲ. ಆದ್ರೆ ಮೂರು ವರ್ಷ ಆಯ್ತು ನಿಂತು ನಿಂತು. ನಂದು ಅಂತ ಒಂದಿದ್ರೆ ಸಾಕು ಅನ್ನಿಸ್ತು," ಅಂದಳು.

ಅವಳು ಬಸ್ಸಿಗೆ ಊರಿಗೆ ಹೋದಳು. ಮಾರನೇ ದಿನ ಫ್ರಿಜ್ ಸಾಗಿಸಲು ನವಾಜನ ಪಿಕಪ್ ಸಿಕ್ಕಿತು. ಅವನು ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಹಾಕಿ ವಾಪಸು ಹೊರಟಿದ್ದ. ಹಿಂದೆ ಖಾಲಿ ಗೋಣಿಚೀಲಗಳ ರಾಶಿ. ಫ್ರಿಜ್ ನಿಲ್ಲಿಸಿದರೆ ಒಬ್ಬರು ಹಿಂದೆ ನಿಂತು ಹಿಡಿದುಕೊಳ್ಳಲೇಬೇಕು, ಆ ಒಬ್ಬರು ಅಂದರೆ ನಾನೇ. ಬಣಕಲ್ ದಾಟಿ ಕೊಟ್ಟಿಗೆಹಾರದ ತನಕ ಆ ಚಳಿಗಾಳಿಯಲ್ಲಿ, ದಾರಿಯುದ್ದಕ್ಕೂ ಗಿರಾಕಿಗಳ ಕಣ್ಣೆದುರು, ಹಮಾಲಿಯ ಹಾಗೆ ಫ್ರಿಜ್ ತಬ್ಬಿಕೊಂಡು ನಿಲ್ಲಬೇಕು. ಚಳಿಯನ್ನಾದರೂ ತಡೆಯುತ್ತಿದ್ದೆ. ಜನ ನೋಡುತ್ತಾರೆ ಅನ್ನುವುದನ್ನು ತಡೆಯಲಾಗಲಿಲ್ಲ.

"ಗೋಣಿ ಮೇಲೆ ಮಲಗ್ಸಿ ಸಾಬ್ರೆ, ಹಾಸಿಗೆ ಇದ್ದಂಗಿದೆ, ಅಲ್ಲಾಡದೂ ಇಲ್ಲ," ಅಂದ ನವಾಜ್.

ಬೇರೆ ಯಾರಾದರೂ ಈ ಮಾತು ಆಡಿದ್ದರೆ ನಾನು ಏನನ್ನುತ್ತಿದ್ದೆನೋ ಊರಿಗೇ ಗೊತ್ತು. ಅವತ್ತು ಏನೂ ಅನ್ನದೆ ಮಲಗಿಸಿ, ಮೇಲೆ ನಾಲ್ಕು ಚೀಲ ಮುಚ್ಚಿ, ಮುಂದೆ ಹೋಗಿ ಕೂತೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು ಕಾಣುವ ಮುಂಚಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಸೇರಿ ಎಬ್ಬಿಸಿದೆವು. ಅಲ್ಲಿಂದ ನಾನು ಫ್ರಿಜ್ ಹಿಡಿದುಕೊಂಡು, ಮೂಡಿಗೆರೆಯಿಂದಲೇ ಹಾಗೆ ನಿಂತುಬಂದವನ ಹಾಗೆ, ನಂಜಕ್ಕನ ಬಾಗಿಲಲ್ಲಿ ಇಳಿದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಂಜಕ್ಕ ಫ್ರಿಜ್ಜಿಗೆ ಕುಂಕುಮ ಹಚ್ಚಿ, "ಯಾವಾಗ ಸ್ವಿಚ್ ಹಾಕ್ಲಿ ಸಾಬ್ರೆ?" ಅಂತ ಕೇಳಿದಳು.

ನಾಳೆ ಈ ಹೊತ್ತಿಗೆ ಅನ್ನಬೇಕಿತ್ತು. ಹಾಗಂದರೆ, ನಿಲ್ಲಿಸಿಕೊಂಡು ತಂದರೆ ಒಂದೇ ಗಂಟೆ ಅಂದಿದ್ದಿರಲ್ಲ, ಯಾಕೆ ಅಂತ ಕೇಳುತ್ತಾಳೆ. ಅಂಗಡಿಯಲ್ಲಿ ಅವಳಿಗೂ ಪಾಠ ಒಪ್ಪಿಸಿದ್ದೆನಲ್ಲ. "ಒಂದು ಗಂಟೆ ಬಿಟ್ಟು ಹಾಕಿ," ಅಂದೆ. ಆಗ ಹನ್ನೊಂದು ಗಂಟೆ. ಮನೆಯಲ್ಲಿ ಗಡಿಯಾರವಿಲ್ಲ, ಇದ್ದ ಒಂದೇ ಫೋನು ದೇವರಾಜನ ಜೇಬಿನಲ್ಲಿ, ಅವನು ಪೇಟೆಗೆ ಹೋಗಿದ್ದ. "ಹಂಗಾದ್ರೆ ಹನ್ನೆರಡರ ಬಸ್ಸು ಘಾಟಿಗೆ ಇಳಿದ ಮೇಲೆ ಹಾಕ್ತೀನಿ," ಅಂದಳು. ಆ ಲೈನಿನವರು ಅನ್ನಕ್ಕಿಡುವುದೂ ಬಟ್ಟೆ ಒಗೆಯುವುದೂ ಬಸ್ಸು ನೋಡಿಯೇ.

ಎರಡನೇ ದಿನ ಫೋನು ಬಂತು. ಹೋಗಿ ನೋಡಿದರೆ ಕಂಪ್ರೆಸರ್ ಟಕ್ ಅನ್ನುತ್ತದೆ, ನಿಲ್ಲುತ್ತದೆ. ಹಿಡಿದುಕೊಂಡಿದೆ. ದೇವರಾಜ ಹೊಸ್ತಿಲ ಮೇಲೆ ಕೂತಿದ್ದ, ಅಕ್ಕಪಕ್ಕದ ನಾಲ್ಕೈದು ಜನ ಬಾಗಿಲಲ್ಲಿ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಸತ್ಯ ಬಾಯಿಗೆ ಬಂತು, ಬಂದದ್ದು ಹಾಗೇ ಒಳಗೆ ಹೋಯಿತು.

"ಸ್ವಿಚ್ ಯಾವಾಗ ಹಾಕಿದ್ರಿ?" ಅಂತ ಕೇಳಿದೆ.

"ಬಸ್ಸು ಹೋದ್ಮೇಲೆ."

"ಬಸ್ಸನ್ನ ನಂಬ್ಕೊಂಡು ಫ್ರಿಜ್ ಹಾಕ್ತಾರಾ ನಂಜಕ್ಕ? ಮುಂಚೆ ಬಂದಿರ್ಬೇಕು. ಇದಕ್ಕೆ ಗಂಟೆ ಅಂದ್ರೆ ಗಂಟೆ."

ಅಷ್ಟೇ ಸಾಕಾಯಿತು. ದೇವರಾಜ ಹೆಂಡತಿಗೆ ಅಲ್ಲೇ ಶುರು ಮಾಡಿದ. "ಒಂದು ಮಾತು ನೆಟ್ಟಗೆ ಕೇಳಿಸ್ಕೊಳ್ಳಲ್ಲ ಇವ್ಳು." ನಂಜಕ್ಕ ಫ್ರಿಜ್ಜಿನ ವೈರು ಕಿತ್ತು ಸುತ್ತಿಟ್ಟಳು. ಪಾರ್ಟು ತರಿಸುತ್ತೇನೆ ಅಂತ ಹೇಳಿ ನಾನು ಜಾಗ ಖಾಲಿ ಮಾಡಿದೆ. ಬಂಗಲೆಯವರೆಗೂ ಸುದ್ದಿ ಹೋಯಿತಂತೆ. "ಇವರಿಗೆಲ್ಲ ಫ್ರಿಜ್ ಯಾಕೆ ಬೇಕಿತ್ತು," ಅಂದರಂತೆ ಅಮ್ಮಾವ್ರು. ನಂಜಕ್ಕ ಮತ್ತೆ ಎರಡು ಹೊತ್ತೂ ಹಿಂಬಾಗಿಲಿಗೆ ಹೋಗಿ ನಿಂತಳು.

ಎರಡು ವಾರ ಕಳೆದು ಅವಳೇ ಅಂಗಡಿಗೆ ಬಂದಳು. ಬೈಯಲು ಬಂದಳು ಅಂದುಕೊಂಡು ಸ್ಕ್ರೂಡ್ರೈವರ್ ಹುಡುಕುವ ನೆಪ ಮಾಡಿದೆ. ಅವಳು ಬ್ಯಾಗಿನಿಂದ ಆರು ಸೀಮೆಬದನೆಕಾಯಿ ತೆಗೆದು ಮೇಜಿನ ಮೇಲಿಟ್ಟಳು. "ನಮ್ಮ ಹಿತ್ಲದ್ದು. ನನ್ನಿಂದ ನಿಮ್ಮ ಹೆಸ್ರು ಕೆಟ್ಟಿತು. ಲೈನಲ್ಲಿ ಎಲ್ರಿಗೂ ಹೇಳಿದೀನಿ, ಸಾಬ್ರದ್ದೇನೂ ತಪ್ಪಿಲ್ಲ ಅಂತ."

ಅವತ್ತು ರಾತ್ರಿ ನನ್ನ ಹೆಂಡತಿ ಬದರುನ್ನೀಸಾ ಅದರ ಸಾರು ಮಾಡಿದಳು. ಉಪ್ಪು ಜಾಸ್ತಿ ಅಂತ ಅವಳ ಮೇಲೆ ರೇಗಿ ಎದ್ದೆ. ಉಪ್ಪು ಸರಿಯಾಗಿಯೇ ಇತ್ತು.

ಬೇರೆ ಕಂಪ್ರೆಸರ್ ಹಾಕಿ ಕೊಟ್ಟರೆ ಪಾಪ ಕಳೆಯುತ್ತದೆ ಅಂದುಕೊಂಡೆ. ಫೆಬ್ರವರಿಯಲ್ಲಿ ಹೋಗಿ, ಒಂದು ರೂಪಾಯಿ ಮುಟ್ಟದೆ ಹಾಕಿದೆ. ಲೈನಿನವರು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಕೇಳಿ ಇಷ್ಟು ನಾಚಿಕೆಯಾಗಿದ್ದು ನನಗೆ ಅದೇ ಮೊದಲು. ಆದರೂ ತೆಪ್ಪಗೆ ಕೇಳಿಸಿಕೊಂಡೆ.

ಹತ್ತು ದಿನ ಬಿಟ್ಟು ಅದೇ ದಾರಿಯಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದವನು, ಹೇಗೆ ಓಡುತ್ತಿದೆ ನೋಡೋಣ ಅಂತ ಸಂಜೆ ಅವಳ ಮನೆಗೆ ಹೋದೆ. ಫ್ರಿಜ್ ಚೆನ್ನಾಗಿಯೇ ಓಡುತ್ತಿತ್ತು. ಬಾಗಿಲು ತೆಗೆದರೆ ಒಳಗೆ ಒಂದು ನೀರಿನ ಬಾಟಲಿ, ಅಷ್ಟೇ. ನಂಜಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಳು.

"ಔಷಧಿ ಎಲ್ಲಿ?"

"ಬಂಗ್ಲೆಲೇ ಇಟ್ಟಿದೀನಿ ಸಾಬ್ರೆ. ನನ್ನ ಕೈ ಸರಿಯಿಲ್ಲ. ಇನ್ನೊಂದ್ಸಲ ಏನಾದ್ರೂ ಮಾಡಿ ಕೆಡಿಸಿದ್ರೆ ನಮ್ಮನೆಯವ್ರ ಜೀವಕ್ಕೇ ಬರುತ್ತೆ." ಹೊಸ್ತಿಲ ಹತ್ತಿರ ನಿಂತು ಹೇಳಿದಳು, "ನಾನು ಆ ಬಸ್ಸಿನ ಕಂಡಕ್ಟರ್‌ನ ಕೇಳ್ದೆ. ಅವತ್ತು ಟಯರ್ ಪಂಕ್ಚರಾಗಿ ಅರ್ಧ ಗಂಟೆ ಲೇಟಾಗಿತ್ತಂತೆ. ನಂಗೂ ಹಂಗೇ ನೆನಪು, ತುಂಬಾ ಹೊತ್ತು ಕಾದಂಗೆ. ಆದ್ರೆ ನೀವು ಮುಂಚೆ ಬಂತು ಅಂದ್ರಲ್ಲ. ನಂದೇ ತಲೆ ಕೆಟ್ಟಿರ್ಬೇಕು ಅಂತ ಸುಮ್ನಾದೆ."

ನಾನು ಕೆಡಿಸಿದ್ದು ಕಂಪ್ರೆಸರ್ ಒಂದನ್ನೇ ಅಂದುಕೊಂಡಿದ್ದೆ.

"ಬಸ್ಸು ಮುಂಚೆ ಬಂದಿಲ್ಲ ನಂಜಕ್ಕ," ಅಂದೆ. "ಫ್ರಿಜ್ ಮಲಗಿಸ್ಕೊಂಡು ತಂದಿದ್ದು ನಾನು. ಹಿಂದೆ ನಿಂತ್ಕೊಳ್ಳೋಕೆ ನಾಚಿಕೆ ಆಯ್ತು. ಆ ತಿರುವಲ್ಲಿ ಎಬ್ಬಿಸಿ ನಿಲ್ಸಿದ್ವಿ. ನಾಳೆವರೆಗೆ ಕಾಯಿರಿ ಅಂದ್ರೆ ಗೊತ್ತಾಗುತ್ತೆ ಅಂತ ಒಂದು ಗಂಟೆ ಅಂದೆ."

"ಹಂಗಾದ್ರೆ ನಾನು ಕಾದಿದ್ದು ಸರಿನಾ?"

"ಸರಿ. ನೀವು ಮಾಡಿದ್ದೆಲ್ಲ ಸರಿ."

ನಂಜಕ್ಕ ಒಳಗೆ ತಿರುಗಿ ಗಂಡನನ್ನು ಕರೆದಳು. "ಬನ್ನಿ ಇಲ್ಲಿ. ಸಾಬ್ರು ಏನೋ ಹೇಳ್ತಾರೆ, ಕೇಳಿ." ಮತ್ತೆ ಹೇಳಿದೆ. ಎರಡನೇ ಸಲ ಇನ್ನೂ ಕಷ್ಟವಾಯಿತು. ದೇವರಾಜ ತಲೆ ಕೆರೆದುಕೊಂಡು, "ಹೋಗ್ಲಿ ಬಿಡಿ ಸಾಬ್ರೆ, ರಿಪೇರಿ ಮಾಡಿ ಕೊಟ್ರಲ್ಲ," ಅಂದ. ಹೆಂಡತಿಯನ್ನು ಒಂದು ತಿಂಗಳು ಬೈದವನು ನನ್ನನ್ನು ಒಂದೇ ನಿಮಿಷದಲ್ಲಿ ಕ್ಷಮಿಸಿಬಿಟ್ಟ. ನಂಜಕ್ಕ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಬಂಗ್ಲೆಗೆ ಬನ್ನಿ ಸಾಬ್ರೆ," ಅಂದಳು. "ಔಷಧಿ ಎಲ್ಲ ವಾಪಸ್ ತರೋಣ. ಅಮ್ಮಾವ್ರಿಗೂ ನೀವೇ ಹೇಳಿ."

ರೇಣುಕಪ್ರಸಾದರ ಮನೆಯ ಎರಡು ಫ್ರಿಜ್ಜೂ ನನ್ನ ಕೈಯಲ್ಲೇ ರಿಪೇರಿಯಾಗುವವು. ಅಲ್ಲಿ ನಾನು ಯಾವಾಗಲೂ ಮುಂಬಾಗಿಲಿನಿಂದ ಒಳಗೆ ಹೋಗುವವನು. ಕಾಲು ಅಭ್ಯಾಸದಂತೆ ಆ ಕಡೆ ತಿರುಗಿತು, ನಂಜಕ್ಕ ಹಿಂದಿನ ದಾರಿ ಹಿಡಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು "ಅಮ್ಮಾ" ಅಂತ ಕರೆದಳು. ಒಳಗೆ ಟಿವಿ ಸದ್ದು ಕೇಳುತ್ತಿತ್ತು. ಯಾರೂ ಬರಲಿಲ್ಲ. ನನಗೆ ಕಾಲು ನೋಯತೊಡಗಿತು.

"ಎಷ್ಟು ಹೊತ್ತು ನಿಲ್ಬೇಕು ನಂಜಕ್ಕ?"

"ಇಲ್ಲಿಗೆ ಬಸ್ಸು ಕಾಣಲ್ಲ ಸಾಬ್ರೆ. ತೆಗಿಯೋ ತನಕ."

ಕತ್ತಲಾಗುತ್ತ ಬಂದಾಗ ಒಳಗಿನಿಂದ ಚಿಲಕ ಸರಿದ ಸದ್ದಾಯಿತು. ನಂಜಕ್ಕ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ತಾನು ದಿನಾ ನಿಲ್ಲುವ ಜಾಗವನ್ನು ನನಗೆ ಬಿಟ್ಟುಕೊಟ್ಟಳು.