ಬಾಟಲಿಯೊಳಗಿನ ಬನ್ನಿ

ಗುಲನಾಜ ಫೋನಿನಲ್ಲಿ ಮಾತು ಮುಗಿಸಿ ತಿರುಗುವಷ್ಟರಲ್ಲಿ ದುರ್ಗವ್ವ ಬಾಟಲಿಯ ಮುಚ್ಚಳ ತೆಗೆದು, ಸಸಿಯ ಬುಡಕ್ಕೆ ನಾಲ್ಕು ಕಾಳು ಅಕ್ಕಿ, ಚಿಟಿಕೆ ಅರಿಶಿನ ಹಾಕಿಬಿಟ್ಟಿದ್ದಳು.

"ಏನ್ ಮಾಡಿದ್ರಿ ಆಯಿ!"

"ಉಡಿ ತುಂಬೀನಿ ಯವ್ವಾ. ನಮ್ಮ ಹೊಲದ ಮಗಳಲ್ಲೇನ ಇಕಿ? ಬರಿಗೈಲೆ ನೋಡಿ ಹೆಂಗ ಹೋಗ್ಲಿ?"

ಗುಲನಾಜಳಿಗೆ ಚೀರಬೇಕೆನಿಸಿತು. ದಸರೆಗೆ ಗೊಳಸಂಗಿಯ ಅರ್ಧ ಊರಿಗೆ ಬನ್ನಿ ಕೊಡುತ್ತಿದ್ದ ದುರ್ಗವ್ವನ ಬದುವಿನ ಮರ, ರಸ್ತೆ ಅಗಲ ಮಾಡುವಾಗ ಹೋಗಿತ್ತು. ಕಡಿಯುವ ಮುಂಚೆ ಗುಲನಾಜ, ಚಿಗುರಿನ ತುಣುಕಿನಿಂದ ಬಾಟಲಿಯಲ್ಲೇ ಸಸಿ ಬೆಳೆಸುವ, ತಾನು ಕೆಲಸ ಮಾಡುವ ಬಾಗೇವಾಡಿಯ ಈ ಲ್ಯಾಬಿಗೆ ಅದರ ಚಿಗುರು ತಂದಿದ್ದಳು. ಬಹಳಷ್ಟಕ್ಕೆ ಬೂಷ್ಟು ಹಿಡಿಯಿತು. ಬೇರು ಬಿಟ್ಟವು ಬಾಟಲಿಯಿಂದ ಹೊರಗೆ ತಂದ ಕೂಡಲೇ ಬಾಡಿದವು. ಆ ಮರದ್ದೆಂದು ಉಳಿದದ್ದು ಇದೊಂದೇ ಸಸಿ. ಗಾಳಿ ಕೂಡ ಸೋಕದಂತೆ ಕಾಯ್ದಿದ್ದಕ್ಕೆ ಈಗ ಅರಿಶಿನದ ಸಂಭ್ರಮ!

"ಆಯಿ, ಇದರಾಗ ಇರೂದು ಸಕ್ಕರಿ ಗಂಜಿ ಇದ್ದಂಗ. ಹೊರಗಿಂದು ಏನ ಬಿದ್ರೂ ಬೂಷ್ಟ ಬಂದು ಸಸಿ ಸಾಯ್ತೈತಿ."

ದುರ್ಗವ್ವ ಅಲ್ಲೇ ಕುಸಿದು ಕುಳಿತಳು. "ನನ್ನ ಕೈಲೇ ಕೊಂದ್ನೇನವ್ವಾ?"

ಆ ಮುಖ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಗುಲನಾಜ ಸಸಿಯನ್ನು ಚಿಮಟದಿಂದ ಎತ್ತಿ, ಬೇರಿಗೆ ಅಂಟಿದ್ದ ಗಂಜಿಯ ಲೋಳೆ ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಕಪ್ಪಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿದಳು. ಹಿಂದಿನ ಸಲ ಚೀಲ ತೆಗೆಯಲು ಅವಸರ ಮಾಡಿದ್ದಳು. ಈ ಸಲ ದಿನಕ್ಕೊಂದು ತೂತು ಮಾಡುತ್ತ, ಹೊರಗಿನ ಗಾಳಿಯನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಿದಳು.

ಮಳೆ ಶುರುವಾದ ಮೇಲೆ ದುರ್ಗವ್ವ ಮತ್ತೆ ಬಂದಳು. ಲ್ಯಾಬಿನ ಸಸಿಗಳಿಗೆ ಕಟ್ಟಿದ ನೆರಳುಪರದೆಯ ಮನೆಯ ಬಾಗಿಲಲ್ಲೇ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಇಣುಕಿದಳು. ಸಸಿ ಚೀಲವಿಲ್ಲದೆ ನಿಂತು ಹೊಸ ಎಲೆ ಬಿಟ್ಟಿತ್ತು.

"ಬದುಕೇತೇನ?"

"ಬದುಕೇತ್ರಿ. ನೀವು ಹಂಗ ಮಾಡಿರದಿದ್ರ ನಾ ಅಂಜಿ ಇನ್ನೂ ಬಾಟಲ್ಯಾಗ ಇಟ್ಟಿರ್ತಿದ್ನಿ. ಅಲ್ಲೇ ಕಮರಿ ಹೋಗ್ತಿತ್ತ. ನಿಮ್ಮ ಉಪಕಾರ ಐತಿ ಆಯಿ."

"ಮುದುಕಿಗೆ ಚೇಷ್ಟಿ ಮಾಡ್ತೀ?"

ಚೇಷ್ಟೆಯಾಗಿರಲಿಲ್ಲ. ಗುಲನಾಜ ಮನಸಾರೆ ಋಣಿಯಾಗಿದ್ದಳು. ಲ್ಯಾಬಿನ ಸಾಹೇಬರಿಗೆ ಮಾತ್ರ ಅಕ್ಕಿ-ಅರಿಶಿನದ ಸುದ್ದಿ ಹೇಳಿರಲಿಲ್ಲ, ಅಷ್ಟೇ. ಅವಳು ನೀರಿನ ತಂಬಿಗೆಯನ್ನು ಮುದುಕಿಯ ಮುಂದೆ ಹಿಡಿದಳು.

"ಇವತ್ತಿನ ನೀರು ನೀವ ಹಾಕ್ರಿ."

ದುರ್ಗವ್ವನ ಕಣ್ಣು ತುಂಬಿ ಬಂದವು. ತಂಬಿಗೆ ಮಾತ್ರ ಮುಟ್ಟಲಿಲ್ಲ.

"ತಡಿ ಯವ್ವಾ, ಮೊದ್ಲ ಸಾಬೂನ ಕೊಡು" ಎಂದವಳೇ ನಲ್ಲಿಯ ಕಡೆ ನಡೆದು, ಬಳೆಗಳನ್ನು ಮೊಣಕೈಗೆ ಏರಿಸಿ, ಬೆರಳ ಸಂದಿಯೆಲ್ಲ ನೊರೆ ಬರುವಂತೆ ತಿಕ್ಕತೊಡಗಿದಳು.